ಮರಳಿ ಬರುವ ದಾರಿ

ಬಾಗಲಕೋಟೆ ಜಿಲ್ಲೆಯ ಮಹಾಲಿಂಗಪುರವು ಬೆಲ್ಲದ ಪೇಟೆಗೂ ನೇಕಾರಿಕೆಗೂ ಹೆಸರಾದ ಊರು. ಸುತ್ತಲಿನ ಹಳ್ಳಿಗಳ ರೈತರು ವರ್ಷವಿಡೀ ದುಡಿದು ಬೆಳೆದ ಕಬ್ಬು ಗಾಣದಲ್ಲಿ ರಸವಾಗಿ, ಕೊಪ್ಪರಿಗೆಯಲ್ಲಿ ಕುದಿದು, ಬೆಲ್ಲವಾಗಿ ಈ ಪೇಟೆಯನ್ನು ಸೇರುತ್ತದೆ. ಮಾರಾಟವಾದ ಮೇಲೆ ರೈತನ ಕೈಗೆ ಬಂದ ಹಣವು ಸರಿಯಾದುದೇ ಎಂಬುದನ್ನು ತಿಳಿಸಿಕೊಡಬಲ್ಲ ವಿದ್ಯೆಯೇ ಬೀಜಗಣಿತ.

ಒಬ್ಬ ರೈತನು 12 ಕ್ವಿಂಟಲ್ ಬೆಲ್ಲವನ್ನು ಮಾರಿದನೆಂದೂ, ಹಮಾಲಿ ಮತ್ತು ಗಾಡಿ ಬಾಡಿಗೆಯ 1,800 ರೂಪಾಯಿ ಕಳೆದು 46,200 ರೂಪಾಯಿ ಅವನಿಗೆ ದೊರೆಯಿತೆಂದೂ ಇಟ್ಟುಕೊಳ್ಳಬಹುದು. ಸವಾಲಿನಲ್ಲಿ ನಿಂತ ದರ ಕ್ವಿಂಟಲಿಗೆ 4,150 ರೂಪಾಯಿ ಎಂಬುದು ಅವನ ನೆನಪು. ಹಾಗಾದರೆ ಕೈಗೆ ಬಂದ ಹಣವು ಯಾವ ದರಕ್ಕೆ ಸಲ್ಲುತ್ತದೆ?

ಕೈಗೆ ಬಂದ ಹಣವನ್ನು 'ಹ', ದರವನ್ನು 'ದ', ತೂಕವನ್ನು 'ತ', ಖರ್ಚನ್ನು 'ಖ' ಎಂದು ಕರೆದರೆ ಸೂತ್ರವು ಹೀಗಾಗುತ್ತದೆ:

ಹ = ದ × ತ − ಖ

ಇಲ್ಲಿ 'ದ' ಒಂದನ್ನೇ ಬೇರ್ಪಡಿಸಬೇಕು. ಸಮೀಕರಣವು ಸಮತೂಕದಲ್ಲಿರುವ ತಕ್ಕಡಿಯಂತೆ. ಒಂದು ತಟ್ಟೆಗೆ ಮಾಡಿದ್ದನ್ನು ಮತ್ತೊಂದಕ್ಕೂ ಮಾಡಿದರೆ ಸಮತೋಲ ಕೆಡದು. ಎರಡೂ ಪಕ್ಷಗಳಿಗೆ 'ಖ' ಕೂಡಿಸಿದಾಗ ಹ + ಖ = ದ × ತ ಎಂದಾಗುತ್ತದೆ. ಬಳಿಕ ಎರಡನ್ನೂ 'ತ'ದಿಂದ ಭಾಗಿಸಿದರೆ,

ದ = (ಹ + ಖ) ÷ ತ

46,200ಕ್ಕೆ 1,800 ಕೂಡಿಸಿದರೆ 48,000. ಅದನ್ನು 12ರಿಂದ ಭಾಗಿಸಿದರೆ 4,000.

ಈ ಕ್ರಮವನ್ನು ಮರೆಯಬಾರದು. ಬೆಲ್ಲದ ಪೆಂಟೆಗೆ ಬಟ್ಟೆ ಸುತ್ತಿ, ಮೇಲೆ ಹಗ್ಗ ಬಿಗಿದವನು ಬಿಚ್ಚುವಾಗ ಮೊದಲು ಹಗ್ಗವನ್ನೇ ಬಿಚ್ಚಬೇಕು. ಸೂತ್ರದಲ್ಲಿ ಕೊನೆಗೆ ನಡೆದುದು ವ್ಯವಕಲನ. ಆದುದರಿಂದ ಮೊದಲು ಬಿಚ್ಚಬೇಕಾದುದೂ ಅದೇ. ಅವಸರದಿಂದ 46,200ನ್ನು 12ರಿಂದ ಭಾಗಿಸಿ, ಬಂದ 3,850ಕ್ಕೆ 1,800 ಕೂಡಿಸಿದರೆ 5,650 ಎಂಬ ತಪ್ಪು ಉತ್ತರ ಬರುತ್ತದೆ. ಮೊದಲು ಭಾಗಿಸುವುದಾದರೆ ಖರ್ಚನ್ನೂ ಭಾಗಿಸಲೇಬೇಕು. ಆಗ 3,850ಕ್ಕೆ 150 ಕೂಡಿ ಮತ್ತೆ 4,000 ದೊರೆಯುತ್ತದೆ.

ಈ ಮಾರ್ಗವು ಹೊಸದಲ್ಲ. ಭಾಸ್ಕರಾಚಾರ್ಯರು 1150ರಲ್ಲಿ ರಚಿಸಿದ 'ಲೀಲಾವತಿ'ಯಲ್ಲಿ ಇದಕ್ಕೆ ವಿಲೋಮವಿಧಿ ಇದೆ. ತಿಳಿದ ಫಲದಿಂದ ಹಿಂದಕ್ಕೆ ನಡೆಯುತ್ತ ಕೂಡಿಸಿದ್ದನ್ನು ಕಳೆಯಬೇಕು, ಕಳೆದುದನ್ನು ಕೂಡಿಸಬೇಕು. ಗುಣಿಸಿದ್ದನ್ನು ಭಾಗಿಸಬೇಕು, ಭಾಗಿಸಿದ್ದನ್ನು ಗುಣಿಸಬೇಕು. ಆರ್ಯಭಟನು 499ರಷ್ಟು ಹಿಂದೆಯೇ ಇದನ್ನು ತನ್ನ ಗ್ರಂಥದಲ್ಲಿ ಹೇಳಿದ್ದನು.

ರೈತನ ಲೆಕ್ಕ ಇನ್ನೂ ಮುಗಿದಿಲ್ಲ. ನೆನಪಿನ ದರಕ್ಕೂ ದೊರೆತ ದರಕ್ಕೂ ಕ್ವಿಂಟಲಿಗೆ 150 ರೂಪಾಯಿ ಅಂತರ. 12 ಕ್ವಿಂಟಲಿಗೆ 1,800 ರೂಪಾಯಿ. ಅದು ಖರ್ಚಿನ ಮೊತ್ತವೇ! ಖರ್ಚನ್ನು ಎರಡು ಸಲ ಕಳೆದಿರಬಹುದೆಂಬ ಸಂಶಯ ಅವನಿಗೆ ಸಹಜವಾಗಿ ಮೂಡುತ್ತದೆ. ಅವನು ಜಗಳವಾಡಬೇಕಾಗಿಲ್ಲ, ಚೀಟಿಯನ್ನು ಮುಂದಿಟ್ಟು, ಲೆಕ್ಕವನ್ನು ತೋರಿಸಿ ಕೇಳಿದರೆ ಸಾಕು. ಸೂತ್ರವನ್ನು ತಿರುಗಿಸಬಲ್ಲವನು ತನ್ನ ದುಡಿಮೆಯ ಬೆಲೆಯನ್ನು ತಾನೇ ಅಳೆಯಬಲ್ಲನು.