ಚರ್ಮಕ್ಕೆ ಅಂಟುವ ಬಿಪಿ ಯಂತ್ರ

ಬಿಪಿ ನೋಡುವಾಗ ತೋಳಿಗೆ ಪಟ್ಟಿ ಸುತ್ತಿ ಗಾಳಿ ತುಂಬುತ್ತಾರೆ. ಸಿಗುವುದು ಆ ಗಳಿಗೆಯ ಒಂದು ಅಂಕಿ ಮಾತ್ರ. ರಕ್ತದೊತ್ತಡವಾದರೋ ದಿನವಿಡೀ ಏರಿಳಿಯುತ್ತದೆ. ಮೆಟ್ಟಿಲು ಹತ್ತಿದಾಗ ಒಂದು, ನಿದ್ದೆಯಲ್ಲಿ ಇನ್ನೊಂದು. ರಾತ್ರಿಯ ಒತ್ತಡ ತಿಳಿಯುವುದು ಚಿಕಿತ್ಸೆಗೆ ಮುಖ್ಯ. ಆದರೆ ಪದೇ ಪದೇ ತೋಳು ಹಿಂಡುವ ಪಟ್ಟಿ ಕಟ್ಟಿಕೊಂಡು ಮಲಗಿದವರಿಗೆ ನೆಮ್ಮದಿಯ ನಿದ್ದೆ ಎಲ್ಲಿ ಬರಬೇಕು?

ಇದಕ್ಕೊಂದು ದಾರಿ ಗ್ರಾಫೀನ್‌ನಲ್ಲಿದೆ. ಪೆನ್ಸಿಲ್ ಕಡ್ಡಿಯಲ್ಲಿರುವ ಗ್ರಾಫೈಟಿನ ಒಂದೇ ಒಂದು ಪದರವೇ ಗ್ರಾಫೀನ್. ಅದರ ದಪ್ಪ ಒಂದು ಪರಮಾಣುವಿನಷ್ಟು, ಸುಮಾರು 0.34 ನ್ಯಾನೋಮೀಟರ್. 2004ರಲ್ಲಿ ಮ್ಯಾಂಚೆಸ್ಟರ್‌ನಲ್ಲಿ ಆಂಡ್ರೆ ಗೈಮ್ ಮತ್ತು ಕಾನ್‌ಸ್ಟಾಂಟಿನ್ ನೊವೊಸೆಲೊವ್ ಅಂಟುಟೇಪಿನಿಂದ ಪದರ ಕಿತ್ತು ಅದನ್ನು ಬೇರ್ಪಡಿಸಿದರು. 2010ರಲ್ಲಿ ನೊಬೆಲ್ ಪಡೆದರು.

ಗ್ರಾಫೀನ್ ವಿದ್ಯುತ್ತನ್ನು ಚೆನ್ನಾಗಿ ಹರಿಸುತ್ತದೆ, ನಿಜ. ತಾಮ್ರವೂ ಹರಿಸುತ್ತದೆ. ಇಲ್ಲಿ ಕೆಲಸಕ್ಕೆ ಬರುವುದು ಅದರ ತೆಳುತನ. ಹಾಳೆಯ ದಪ್ಪ ಹತ್ತರಲ್ಲೊಂದು ಪಾಲಾದರೆ ಬಾಗಿಸುವಾಗಿನ ಅದರ ಬಿಗಿತ ಸಾವಿರದಲ್ಲೊಂದು ಪಾಲಿಗೆ ಇಳಿಯುತ್ತದೆ. ನಮ್ಮ ಚರ್ಮ ನುಣುಪಾಗಿ ಕಂಡರೂ ಅದರ ತುಂಬ ಸಣ್ಣ ಗೆರೆಗಳು, ತಗ್ಗುಗಳು. ದಪ್ಪ ಸಂವೇದಕ ಆ ಏಣುಗಳ ಮೇಲಷ್ಟೇ ಕೂರುತ್ತದೆ, ಕೈ ಆಡಿಸಿದರೆ ಜಾರುತ್ತದೆ, ಸಂಕೇತ ಕೆಡುತ್ತದೆ. ಸಾಕಷ್ಟು ತೆಳುವಾದ ಪೊರೆಯೋ ಪ್ರತಿ ತಗ್ಗಿಗೂ ಇಳಿದು, ಅಣುಗಳ ನಡುವಿನ ಸಹಜ ಸೆಳೆತದಿಂದಲೇ ನಿಲ್ಲುತ್ತದೆ. ಅಂಟೂ ಬೇಡ, ಜೆಲ್ಲೂ ಬೇಡ.

ಆಸ್ಟಿನ್‌ನ ಟೆಕ್ಸಸ್ ವಿಶ್ವವಿದ್ಯಾಲಯದಲ್ಲಿ ದೇಜಿ ಅಕಿನ್‌ವಾಂಡೆ ಮತ್ತು ನಾನ್‌ಶು ಲು ಅವರ ತಂಡ 2017ರಲ್ಲಿ ಇಂಥ ಪೊರೆಯ ಹಚ್ಚೆಯೊಂದನ್ನು ಮಾಡಿ ತೋರಿಸಿತು. ತಾಮ್ರದ ಹಾಳೆಯ ಮೇಲೆ ಗ್ರಾಫೀನ್ ಬೆಳೆಸಿ, ಅದಕ್ಕೆ ತೆಳು ಪಾಲಿಮರ್ ಲೇಪಿಸಿ, ತಾಮ್ರವನ್ನು ಕರಗಿಸಿ ತೆಗೆದರು. ಉಳಿದ ಪೊರೆಯ ಒಟ್ಟು ದಪ್ಪ 463 ನ್ಯಾನೋಮೀಟರ್. ಮಕ್ಕಳು ನೀರು ಹಚ್ಚಿ ಕೈಗೆ ಒತ್ತಿಕೊಳ್ಳುವ ಚಿತ್ರದ ಹಾಗೆಯೇ ಇದನ್ನೂ ಚರ್ಮಕ್ಕೆ ಇಳಿಸಬಹುದು. ಅದು ಇಸಿಜಿ ಹಿಡಿಯಿತು, ಚರ್ಮದ ತೇವ, ತಾಪವನ್ನೂ ಅಳೆಯಿತು.

2022ರಲ್ಲಿ ಟೆಕ್ಸಸ್ ಎ ಅಂಡ್ ಎಂ ವಿಶ್ವವಿದ್ಯಾಲಯದ ಸಂಶೋಧಕರೂ ಕೂಡಿಕೊಂಡು ಇದೇ ಹಚ್ಚೆಯಿಂದ ರಕ್ತದೊತ್ತಡ ಅಳೆದರು. ಮಣಿಕಟ್ಟಿನ ರಕ್ತನಾಳದ ಮೇಲೆ ಹಚ್ಚೆಗಳನ್ನು ಸಾಲಾಗಿ ಅಂಟಿಸಿ, ಹೊರಗಿನವುಗಳಿಂದ ಅತಿ ಸಣ್ಣ ವಿದ್ಯುತ್ ಹರಿಸಿ, ಒಳಗಿನವುಗಳಿಂದ ವೋಲ್ಟೇಜ್ ಓದುವುದು ಕ್ರಮ. ನಾಳದಲ್ಲಿ ರಕ್ತ ತುಂಬಿದಾಗ ವಿದ್ಯುತ್ತಿಗೆ ತಡೆ ಕಡಿಮೆ, ಇಳಿದಾಗ ಹೆಚ್ಚು. ಆ ಏರಿಳಿತವನ್ನು ಕಂಪ್ಯೂಟರ್ ಒತ್ತಡದ ಅಂಕಿಗೆ ತಿರುಗಿಸುತ್ತದೆ. 300 ನಿಮಿಷಕ್ಕೂ ಹೆಚ್ಚು ಕಾಲ ಬಿಡದೆ ಅಳತೆ ನಡೆಯಿತು.

ನಮ್ಮಂಥವರಿಗೆ ಇದರಲ್ಲಿ ಇನ್ನೊಂದು ಲಾಭವಿದೆ. ಬೆಳಕು ಬಿಟ್ಟು ನಾಡಿ ನೋಡುವ ಕೈಗಡಿಯಾರದಂಥ ಉಪಕರಣಗಳಿಗೆ ಚರ್ಮದ ಬಣ್ಣ ಅಡ್ಡ ಬರುತ್ತದೆ, ಕಪ್ಪು ಮೈಬಣ್ಣದವರಲ್ಲಿ ಅವು ತಪ್ಪುವುದುಂಟು. ವಿದ್ಯುತ್ತಿಗೆ ಬಣ್ಣದ ಹಂಗಿಲ್ಲ. ಈ ಒಂದು ಕಾರಣಕ್ಕಾದರೂ ಈ ತಂತ್ರ ಬೇಗ ಬೆಳೆಯಬೇಕು ಎನ್ನುವವನು ನಾನು.

ತೊಡಕುಗಳು ಉಳಿದಿವೆ. ಹಚ್ಚೆ ಮೆತ್ತಗಿದ್ದರೂ ಅದರ ಸಂಕೇತ ಓದುವ ಚಿಪ್, ಬ್ಯಾಟರಿ, ತಂತಿಗಳು ಗಟ್ಟಿಯೇ. ತೆಳು ಪೊರೆಯೂ ದಪ್ಪ ತಂತಿಯೂ ಕೂಡುವ ಜಾಗವೇ ಮೊದಲು ಹರಿಯುವುದು. ಚಿಪ್ಪನ್ನೂ ಪೊರೆಯಾಗಿಸೋಣವೆಂದರೆ ಗ್ರಾಫೀನ್ ಒಲ್ಲದು, ಅದರಲ್ಲಿ ಚಿಪ್ಪಿಗೆ ಬೇಕಾದಂತೆ ವಿದ್ಯುತ್ತನ್ನು ಪೂರ್ತಿ ನಿಲ್ಲಿಸಲಾಗದು. ಅದಕ್ಕೆ ಮಾಲಿಬ್ಡಿನಮ್ ಡೈಸಲ್ಫೈಡ್ ಎಂಬ ಇನ್ನೊಂದು ತೆಳು ವಸ್ತು ಬೇಕು. ಅದರ ಒಂಟಿ ಪದರದ ಟ್ರಾನ್ಸಿಸ್ಟರ್ 2011ರಲ್ಲೇ ಸ್ವಿಟ್ಜರ್ಲೆಂಡಿನಲ್ಲಿ ಕೆಲಸ ಮಾಡಿ ತೋರಿಸಿದೆ.

ಇವೆಲ್ಲ ಪ್ರಯೋಗಾಲಯದಿಂದ ಔಷಧದ ಅಂಗಡಿಗೆ ಬರುವವರೆಗೆ ಬಿಪಿ ಇರುವವರು ತೋಳಿನ ಪಟ್ಟಿಯನ್ನೇ ನಂಬಿ. ಕೈಗಡಿಯಾರ ತೋರಿಸಿದ ಅಂಕಿ ನೋಡಿ ಮಾತ್ರೆ ನಿಲ್ಲಿಸಬೇಡಿ.