ಯಜಮಾನರು ನೌಕರಿ ಬಿಡ್ತೀನಿ ಅಂದಾಗ

ಓದುಗ ಸೋದರಿಯರೇ, ನಿಮ್ಮ ಮನೆಯ ಯಜಮಾನರು ಒಂದು ರಾತ್ರಿ ಊಟಕ್ಕೆ ಕೂತವರು, ಕಲಸಿದ ಅನ್ನ ಹಾಗೇ ಬಿಟ್ಟು, "ನಾಳೆ ರಾಜೀನಾಮೆ ಬರೆದು ಕೊಟ್ಬಿಡ್ತೀನಿ ಕಣೇ" ಎಂದರೆ ನೀವೇನು ಮಾಡುತ್ತೀರಿ? ನಾನೇನು ಮಾಡಿದೆ ಗೊತ್ತೇ? "ಮಜ್ಜಿಗೆ ಹಾಕಲಾ?" ಎಂದು ಕೇಳಿದೆ. ಬೇರೆ ಮಾತೇ ಹೊಳೆಯಲಿಲ್ಲ.

ಅದು 2016ರ ಡಿಸೆಂಬರ್ ತಿಂಗಳು. ನವೆಂಬರ್ 8ರ ರಾತ್ರಿ ಐನೂರು, ಸಾವಿರದ ನೋಟು ರದ್ದಾದದ್ದು ನಿಮಗೆಲ್ಲ ನೆನಪಿರಬೇಕು. ಸಾಸಿವೆ ಡಬ್ಬಿಯಲ್ಲಿ, ರೇಷ್ಮೆ ಸೀರೆಯ ಮಡಿಕೆಯಲ್ಲಿ ಕೂಡಿಟ್ಟದ್ದನ್ನು ನಾವೆಲ್ಲ ನಾಚಿಕೆ ಬಿಟ್ಟು ಹೊರಗೆ ತೆಗೆದೆವಲ್ಲ? ನಮ್ಮವರ ಮುಂದೆ ಮಾತ್ರ ಊರಿನವರೆಲ್ಲರ ಸಾಸಿವೆ ಡಬ್ಬಿಯೂ ಬಂದು ಬಿತ್ತು. ಅವರು ಬ್ಯಾಂಕಿನಲ್ಲಿದ್ದರು. ಬೆಳಿಗ್ಗೆ ಎಂಟಕ್ಕೆ ಹೋದರೆ ಬರುವುದು ರಾತ್ರಿ ಹತ್ತೋ ಹನ್ನೊಂದೋ. ಸರದಿಯಲ್ಲಿ ನಿಂತವರ ಬೈಗುಳ ಬೇರೆ.

ಆದರೆ ಬೇಸರ ಆ ತಿಂಗಳಲ್ಲೇ ಹುಟ್ಟಿದ್ದಲ್ಲ. ಬಹಳ ವರ್ಷದಿಂದ ಒಳಗೇ ಕೂತಿತ್ತು. ಸಾಲ ಕೇಳಲು ಬಂದ ರೈತನಿಗೆ ಜೊತೆಯಲ್ಲೇ ಒಂದು ವಿಮೆ ಪಾಲಿಸಿ ದಾಟಿಸಬೇಕು, ತಿಂಗಳ ಕೊನೆಗೆ ಇಷ್ಟು ಆಯಿತು ಎಂದು ಮೇಲಿನವರಿಗೆ ಲೆಕ್ಕ ಕೊಡಬೇಕು. "ಅವನ ಮುಖ ನೋಡಿ ಮಾತಾಡೋಕೆ ಆಗಲ್ಲ ನಂಗೆ" ಎನ್ನುತ್ತಿದ್ದರು. ಅವರದು ತಿಪಟೂರಿನ ಕಡೆ ತೆಂಗಿನ ತೋಟದ ಮನೆತನ. ಕೈಯಲ್ಲಿ ಚಾಕು, ಬಾಯಲ್ಲಿ ಕಸಿ ಕಟ್ಟುವ ಪ್ಲಾಸ್ಟಿಕ್ ಪಟ್ಟಿ ಕಚ್ಚಿಕೊಂಡು ಗಿಡದ ಮುಂದೆ ಕುಕ್ಕರಗಾಲಲ್ಲಿ ಕೂತರೆಂದರೆ ಕರೆದರೂ ಕೇಳಿಸದು. ಹಲಸು, ಮಾವು, ನಿಂಬೆಯ ಸಸಿ ಮಾಡಿ ಮಾರುವ ಒಂದು ನರ್ಸರಿ ಇಡಬೇಕೆನ್ನುವುದು ಅವರ ಆಸೆ.

ಸರಿ, ಆಸೆ ಇರಲಿ. ಮಗಳು ಆಗ ಎಂಟನೇ ಕ್ಲಾಸು. ಮನೆ ಸಾಲ ಅರ್ಧವೂ ತೀರಿರಲಿಲ್ಲ. ನನ್ನ ಅತ್ತೆಯವರು, "ಬ್ಯಾಂಕಿನಲ್ಲಿದ್ದಾನೆ ಅಂತ ತಾನೇ ನಿಮ್ಮಪ್ಪ ನಿನ್ನ ಕೊಟ್ಟಿದ್ದು!" ಎಂದರು. ಸುಳ್ಳಲ್ಲ. ನಮ್ಮ ಕಾಲದಲ್ಲಿ ಹುಡುಗನ ಬಣ್ಣ, ಎತ್ತರ ಆಮೇಲೆ. ಕಾಯಂ ನೌಕರಿಯೇ ಎಂದು ಮೊದಲು ಕೇಳುತ್ತಿದ್ದರು.

ಮೊದಲ ಮೂರು ದಿನ ನಾನು ಅತ್ತೆ, ಮುನಿಸಿಕೊಂಡೆ. ನಾಲ್ಕನೇ ದಿನ ಹಾಲಿನ ಲೆಕ್ಕದ ಪುಸ್ತಕವನ್ನು ತಿರುಗಿಸಿ ಹಿಂದಿನ ಹಾಳೆಯಲ್ಲಿ ಬರೆಯಲು ಕೂತೆ. ಒಂದು ಕಡೆ ನೌಕರಿಯಿಂದ ಬರುವುದು, ಇನ್ನೊಂದು ಕಡೆ ನೌಕರಿಯಿಂದ ಹೋಗುವುದು. ಬರುವುದನ್ನು ಬರೆಯುವುದು ಸುಲಭ. ಸಂಬಳ, ಸಿಬ್ಬಂದಿಗೆ ಕಡಿಮೆ ಬಡ್ಡಿಯಲ್ಲಿ ಕೊಟ್ಟ ಮನೆ ಸಾಲ, ಆಸ್ಪತ್ರೆ ಖರ್ಚು, ಮುಂದೆ ಪಿಂಚಣಿ. ಹೋಗುವುದು ಏನು? ಸಂತೋಷಕ್ಕೆ ಲೆಕ್ಕವಿಲ್ಲ ಎನ್ನುತ್ತಾರೆ. ಇದೆ, ಸೋದರಿಯರೇ. ನಲವತ್ತೆರಡಕ್ಕೇ ಬಂದ ಬಿ.ಪಿ.ಯ ಮಾತ್ರೆಗೆ ತಿಂಗಳಿಗೆ ಇಷ್ಟು ಎಂದು ಬರೆದೆ. ಎದೆಯುರಿ ಎಂದು ತುಮಕೂರಿನ ಡಾಕ್ಟರ ಹತ್ತಿರ ನಾಲ್ಕು ಸಲ ಹೋದದ್ದನ್ನು ಬರೆದೆ. ಮಗಳ ಶಾಲೆಯ ವಾರ್ಷಿಕೋತ್ಸವಕ್ಕೆ ಒಂದು ವರ್ಷವೂ ಬಾರದ್ದನ್ನು, ಅದಕ್ಕೆ ಬೆಲೆ ಕಟ್ಟಲಾರದೆ, ಸುಮ್ಮನೆ ಒಂದು ಗೆರೆ ಎಳೆದು ಬಿಟ್ಟೆ. ಮೊದಲೆಲ್ಲ ಸಾರಿಗೆ ಉಪ್ಪು ಹೆಚ್ಚಾದರೆ ರೇಗುತ್ತಿದ್ದವರು ಈಗ ಏನು ಹಾಕಿದರೂ ಮಾತಾಡದೆ ಉಂಡು ಏಳುತ್ತಿದ್ದರು. ನನಗೆ ನಿಜವಾಗಿ ಭಯ ಹುಟ್ಟಿಸಿದ್ದು ಅದೇ.

ಅವರು ಬೇಸತ್ತದ್ದು ನೌಕರಿಗೋ, ಆ ಒಂದು ಶಾಖೆಗೋ? ಇದು ಗೊತ್ತಾಗದೆ ಮುಂದೆ ಹೆಜ್ಜೆಯಿಡಬಾರದು ಎನಿಸಿತು. ಎಷ್ಟೋ ಸಲ ವರ್ಗವಾದರೆ, ಮೇಲಿನವರು ಬದಲಾದರೆ ಅದೇ ಕೆಲಸ ಹಗುರವಾಗುತ್ತದೆ. "ರೀ, ಎರಡು ವಾರ ರಜ ಹಾಕಿ, ಆಮೇಲೆ ಮಾತಾಡೋಣ" ಎಂದೆ. ನೋಟಿನ ಗಲಾಟೆ ತಗ್ಗಿದ ಮೇಲೆ, ಫೆಬ್ರವರಿಯಲ್ಲಿ ರಜ ಸಿಕ್ಕಿತು. ಮೊದಲ ಐದು ದಿನ ಬರೀ ನಿದ್ದೆ. ಆಮೇಲೆ ಮಾವನವರ ತೋಟಕ್ಕೆ ಹೋದರು. ರಜ ಮುಗಿಯುವ ಹಿಂದಿನ ದಿನ ಸಂಜೆ ಹಿತ್ತಲಿನ ಕಲ್ಲಿನ ಮೇಲೆ ಕೂತು ಅವರು ಅತ್ತರು. ಇದನ್ನು ಬರೆಯಲು ಅವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ನನಗೆ ಉತ್ತರ ಸಿಕ್ಕಿತು.

ಆದರೂ ಆ ರಾಜೀನಾಮೆ ಪತ್ರ ಹೋಗಲಿಲ್ಲ. ತಡೆದವರು ನನ್ನ ಚಿಕ್ಕಪ್ಪ. ಅವರೂ ಬ್ಯಾಂಕಿನಿಂದಲೇ ನಿವೃತ್ತರಾದವರು. "ಎಷ್ಟು ವರ್ಷ ಸರ್ವಿಸ್ ಆಯ್ತು ನಿನ್ನ ಗಂಡಂದು?" ಎಂದರು. 1998ರ ಮೇ ತಿಂಗಳಲ್ಲಿ ಸೇರಿದ್ದು, ಹದಿನೆಂಟು ತುಂಬಿ ಹತ್ತೊಂಬತ್ತು ನಡೆಯುತ್ತಿದೆ ಎಂದೆ. ಚಿಕ್ಕಪ್ಪ ಹಣೆ ಚಚ್ಚಿಕೊಂಡರು. "ರಾಜೀನಾಮೆ ಬೇರೆ, ಸ್ವಯಂ ನಿವೃತ್ತಿ ಬೇರೆ ಕಣಮ್ಮ. ರಾಜೀನಾಮೆ ಕೊಟ್ಟರೆ ಪಿಂಚಣಿಗೆ ಅಷ್ಟೂ ವರ್ಷದ ಸೇವೆ ನೀರಲ್ಲಿ ಹೋಮ. ಇಪ್ಪತ್ತು ವರ್ಷ ತುಂಬಿಸಿ, ಮೂರು ತಿಂಗಳ ನೋಟೀಸು ಕೊಟ್ಟು, ಸ್ವಯಂ ನಿವೃತ್ತಿ ತಗೊಂಡ್ರೆ ಪಿಂಚಣಿ ಬರುತ್ತೆ."

ನೋಡಿ, ಹತ್ತೊಂಬತ್ತು ವರ್ಷ ದುಡಿದವರಿಗೆ ಈ ವ್ಯತ್ಯಾಸ ಸರಿಯಾಗಿ ಗೊತ್ತಿರಲಿಲ್ಲ! ನಮ್ಮವರಂತೆ 1995ರ ಪಿಂಚಣಿ ನಿಯಮಕ್ಕೆ ಸೇರಿದ ಬ್ಯಾಂಕ್ ನೌಕರರಿಗೆ ಪೂರ್ತಿ ಪಿಂಚಣಿಗೆ 33 ವರ್ಷದ ಸೇವೆ ಬೇಕು. ಮೊದಲೇ ಬಿಟ್ಟರೆ ಸೇವೆಗೆ ತಕ್ಕಂತೆ ಕಡಿಮೆ. ಕಡಿಮೆಯಾದರೂ ಸಾಯುವ ತನಕ ಬರುವ ಹಣ. ಅವರ ನಂತರ ಹೆಂಡತಿಗೆ ಕುಟುಂಬ ಪಿಂಚಣಿ. ಇದನ್ನು ಬಾಯಿಬಿಟ್ಟು ಕೇಳುವುದು ಅಪಶಕುನ ಎಂದು ನಾವು ಹೆಂಗಸರು ಸುಮ್ಮನಿರುತ್ತೇವೆ. ನಾನು ಕೇಳಿದೆ.

ಬರೀ ಬ್ಯಾಂಕಿನ ಮಾತಲ್ಲ ಇದು. ನಮ್ಮ ಪಕ್ಕದ ಮನೆಯ ಟೀಚರಮ್ಮ ಖಾಸಗಿ ಶಾಲೆಯೊಂದರಲ್ಲಿ ಕಾಯಂ ಕೆಲಸದಲ್ಲಿದ್ದರು. ನಾಲ್ಕು ವರ್ಷ ಮೂರು ತಿಂಗಳಾದಾಗ ಬೇಸತ್ತು ಬಿಡಲು ಹೊರಟಿದ್ದರು. ಕಾಯಂ ನೌಕರರಿಗೆ ಐದು ವರ್ಷ ತುಂಬಿದರೆ ಗ್ರಾಚ್ಯುಟಿ ಸಿಗುತ್ತದೆ. ವರ್ಷಕ್ಕೆ ಹದಿನೈದು ದಿನದ ಸಂಬಳದ ಲೆಕ್ಕ. ಭವಿಷ್ಯನಿಧಿಯ ಜೊತೆಗಿರುವ ಪಿಂಚಣಿಗಾದರೆ ಹತ್ತು ವರ್ಷ ಬೇಕು. ಟೀಚರಮ್ಮ ಒಂಬತ್ತು ತಿಂಗಳು ಹಲ್ಲು ಕಚ್ಚಿ ಐದು ಮುಗಿಸಿದರು. ಈಗ ಹೊಲಿಗೆ ಕಲಿಸುತ್ತಾರೆ.

ನಮ್ಮದು ಇನ್ನೂ ಒಂದೂಕಾಲು ವರ್ಷ, ಮೇಲೆ ಮೂರು ತಿಂಗಳ ನೋಟೀಸು. ಗೋಡೆಯ ಕ್ಯಾಲೆಂಡರಿನಲ್ಲಿ ನಾನೇ ತಿಂಗಳು ತಿಂಗಳು ಗೆರೆ ಹಾಕಿದೆ. ವಿಚಿತ್ರವೆಂದರೆ, ಬಿಡುವ ದಿನ ಗೊತ್ತಾದ ಮೇಲೆ ಅವರಿಗೆ ಬ್ಯಾಂಕು ಅಷ್ಟು ಭಾರವಾಗಲಿಲ್ಲ! ಉಪ್ಪು ಹೆಚ್ಚಾದರೆ ಮತ್ತೆ ರೇಗತೊಡಗಿದರು.

ಆ ಅವಧಿಯಲ್ಲಿ ನಾವು ಅರ್ಧ ಸಂಬಳದಲ್ಲಿ ಬದುಕುವುದನ್ನು ರೂಢಿ ಮಾಡಿಕೊಂಡೆವು. ಉಳಿದರ್ಧ ನೇರ ಬೇರೆ ಖಾತೆಗೆ. ಹಬ್ಬಕ್ಕೆ ಹೊಸ ಸೀರೆ ನಿಂತಿತು. ಮಗಳ ನೃತ್ಯದ ಕ್ಲಾಸು ನಿಲ್ಲಿಸಲಿಲ್ಲ. ಮೂರು ತಿಂಗಳು ಕಷ್ಟ, ಆಮೇಲೆ ಅಭ್ಯಾಸವಾಯಿತು ಎಂದು ಬರೆದರೆ ಚೆನ್ನಾಗಿರುತ್ತದೆ, ಆದರೆ ನಿಜವಲ್ಲ. ಕೊನೆಯ ತನಕ ಕಷ್ಟವೇ. ತಂಗಿಯ ಮನೆಯ ಗೃಹಪ್ರವೇಶಕ್ಕೆ ಹಳೇ ಸೀರೆಯಲ್ಲಿ ಹೋದಾಗ ಎಷ್ಟು ಜನ ಎಷ್ಟು ಅಂದರೋ, ಎಲ್ಲ ನೆನಪಿದೆ.

ನೌಕರಿಯಲ್ಲಿರುವಾಗ ಬೇರೆ ವ್ಯಾಪಾರ ಮಾಡುವಂತಿಲ್ಲವಾದ್ದರಿಂದ ಅವರು ಒಂದು ಸಸಿಯನ್ನೂ ಮಾರಲಿಲ್ಲ. ಭಾನುವಾರ ಮಾತ್ರ ಕಲಿಕೆ. ತುಮಕೂರಿನ ಹತ್ತಿರ ಹಿರೇಹಳ್ಳಿಯಲ್ಲಿ ಕೇಂದ್ರ ಸರ್ಕಾರದ ತೋಟಗಾರಿಕಾ ಪ್ರಯೋಗ ಕೇಂದ್ರವಿದೆಯಲ್ಲ, ಅಲ್ಲಿಗೆ ಹೋಗಿ ಕೇಳಿಕೊಂಡು ಬಂದರು. ಹಲಸಿನ ಬೀಜ ಹಣ್ಣಿನಿಂದ ತೆಗೆದ ಕೆಲವೇ ದಿನದಲ್ಲಿ ಮಣ್ಣಿಗೆ ಬೀಳಬೇಕು, ಇಟ್ಟುಕೊಂಡರೆ ಮೊಳೆಯದು. ಬೀಜದ ಗಿಡ ಫಲ ಕೊಡಲು ಏಳೆಂಟು ವರ್ಷ, ಕಸಿ ಗಿಡಕ್ಕೆ ನಾಲ್ಕೈದು ವರ್ಷ ಸಾಕು. ಮೊದಲ ಸಲ ನೂರು ಕಸಿ ಕಟ್ಟಿದರು; ಉಳಿದದ್ದು ಮೂವತ್ತೊಂದು. ಆವತ್ತೇ ಕೆಲಸ ಬಿಟ್ಟು ಬಂದಿದ್ದರೆ ಆ ಅರವತ್ತೊಂಬತ್ತು ಸತ್ತ ಸಸಿ ನಮ್ಮ ಅಡಿಗೆಮನೆಗೇ ಬಂದು ಕೂರುತ್ತಿತ್ತು.

2017ರಲ್ಲಿ ಗುಬ್ಬಿ ತಾಲ್ಲೂಕಿನ ಚೇಳೂರಿನ ರೈತರೊಬ್ಬರ ಕೆಂಪು ತೊಳೆಯ 'ಸಿದ್ದು' ಹಲಸಿನ ಸುದ್ದಿ ಬಂತು. ಒಂದೇ ಮರದಿಂದ ಆ ಮನೆಯವರ ಅದೃಷ್ಟ ತೆರೆಯಿತೆಂದು ಓದಿ ನಮ್ಮವರು ರಾತ್ರಿಯೆಲ್ಲ ಮಲಗಲಿಲ್ಲ. "ರೀ, ಅಂಥ ಮರ ನಮ್ಮ ತೋಟದಲ್ಲಿಲ್ಲ" ಎಂದು ನೆನಪಿಸುವ ಕೆಲಸ ನನ್ನ ಪಾಲಿಗೆ ಬಂತು. ಇಂಥ ಕಥೆಗಳು ಮನಸ್ಸು ಕೆಡಿಸುತ್ತವೆ. ಬೆಂಗಳೂರಿನ ಬಸ್ ಕಂಡಕ್ಟರಾಗಿದ್ದ ಶಿವಾಜಿ ರಾವ್ ಮದ್ರಾಸಿಗೆ ಹೋಗಿ, 1975ರಲ್ಲಿ ಮೊದಲ ಚಿತ್ರ ಮಾಡಿ, ರಜನೀಕಾಂತ್ ಆದದ್ದು ಎಲ್ಲರಿಗೂ ಗೊತ್ತು. ಅವರು ನಟನೆ ಕಲಿಯುವಾಗ ಹಣ ಕೊಟ್ಟು ನೋಡಿಕೊಂಡದ್ದು ಜೊತೆಯ ಬಸ್ ಡ್ರೈವರ್, ತನ್ನ ಸಂಬಳದಲ್ಲಿ. ಯಾರೋ ಒಬ್ಬರು ತಿಂಗಳ ಸಂಬಳದ ನೌಕರಿಯಲ್ಲಿ ಉಳಿದದ್ದರಿಂದ ಇನ್ನೊಬ್ಬರು ಬಿಡಲಾಯಿತು. ಇನ್ನು ಗಾಯಕ ಸಿ. ಅಶ್ವಥ್ ಅವರು ಬಹಳ ವರ್ಷ ಐ.ಟಿ.ಐ. ಕಾರ್ಖಾನೆಯಲ್ಲಿ ದುಡಿಯುತ್ತಲೇ ಹಾಡಿದರು. ಅವರ ಹಾಡಿಗೇನು ಕೊರತೆಯಾಯಿತು?

ಹಾಗೆಂದು ಕಾಯಂ ನೌಕರಿ ಎಂದರೆ ಕಲ್ಲುಬಂಡೆಯೇ? ಕೋಲಾರದ ಚಿನ್ನದ ಗಣಿ 2001ರ ಫೆಬ್ರವರಿ 28ಕ್ಕೆ ಮುಚ್ಚಿತು. ನಮ್ಮ ತುಮಕೂರಿನಲ್ಲೇ ಎಚ್.ಎಂ.ಟಿ. ವಾಚ್ ಕಾರ್ಖಾನೆಯಲ್ಲಿ ಕೆಲಸವಿದ್ದ ಹುಡುಗನಿಗೆ ಒಂದು ಕಾಲದಲ್ಲಿ ಹೆಣ್ಣು ಕೊಡಲು ಜನ ಸಾಲುಗಟ್ಟುತ್ತಿದ್ದರು. 2016ರ ಜನವರಿಯಲ್ಲಿ ಕೇಂದ್ರ ಸರ್ಕಾರ ಆ ವಾಚ್ ಕಂಪನಿಯನ್ನೇ ಮುಚ್ಚಲು ತೀರ್ಮಾನಿಸಿತು. ಅತ್ತೆಯವರಿಗೆ ಇದನ್ನು ಹೇಳಿದರೆ, "ಬ್ಯಾಂಕು ಮುಚ್ಚಿದೆಯಾ? ಇಲ್ಲವಲ್ಲ" ಎಂದರು. ಅವರನ್ನು ಮಾತಲ್ಲಿ ಗೆದ್ದವರಿಲ್ಲ.

2018ರ ಮೇ ತಿಂಗಳಲ್ಲಿ ನೋಟೀಸು ಕೊಟ್ಟರು, ಆಗಸ್ಟಿನಲ್ಲಿ ಬಿಟ್ಟು ಬಂದರು. ಬಂದ ಗ್ರಾಚ್ಯುಟಿ ಮತ್ತು ಕೂಡಿಟ್ಟಿದ್ದ ಅರ್ಧ ಸಂಬಳ ಸೇರಿಸಿ ಮೊದಲು ಮನೆ ಸಾಲ ತೀರಿಸಿದೆವು. ನರ್ಸರಿಗೆ ನೆರಳು ಪರದೆ, ಪೈಪು, ಚೀಲ ಎಂದು ಉಳಿದದ್ದರಲ್ಲಿ ಅರ್ಧ ಕೊಟ್ಟೆ. ಇನ್ನರ್ಧ ಮಗಳ ಓದಿಗೆಂದು ಅಂಚೆ ಕಚೇರಿಯಲ್ಲಿಟ್ಟೆ, ಅವರು ಕೇಳಿದರೂ ಮುಟ್ಟಲು ಬಿಡಲಿಲ್ಲ. ಈ ವಿಷಯಕ್ಕೆ ನಮ್ಮಲ್ಲಿ ದೊಡ್ಡ ಜಗಳವೇ ಆಯಿತು, ವಾರ ಮಾತಿರಲಿಲ್ಲ.

2020ರ ಮಾರ್ಚಿನಲ್ಲಿ ಲಾಕ್‌ಡೌನ್ ಬಂದಾಗ ಎರಡು ಸಾವಿರ ಸಸಿ ಮಾರಾಟಕ್ಕೆ ತಯಾರಾಗಿ ನಿಂತಿದ್ದವು. ಕೊಳ್ಳುವವರಿಲ್ಲ, ನೀರು ಮಾತ್ರ ದಿನಕ್ಕೆರಡು ಹೊತ್ತು ಬೇಕು. ಸಸಿ ಚೀಲದಲ್ಲಿ ಬಲಿತು ಬೇರು ಸುತ್ತಿಕೊಂಡು ಎಷ್ಟೋ ಹಾಳಾದವು. ಆ ವರ್ಷ ನಾವು ಉಂಡದ್ದು ಆ ಸಣ್ಣ ಪಿಂಚಣಿಯಲ್ಲೇ. ಒಂದು ರಾತ್ರಿ ಅವರಾಗಿಯೇ, "ಆವತ್ತು ಬರೆದು ಕೊಟ್ಟಿದ್ರೆ ಏನಾಗ್ತಿತ್ತು ಕಣೇ" ಎಂದರು. ನಾನು ಮಜ್ಜಿಗೆ ಹಾಕಿದೆ.

ಈಗ ನರ್ಸರಿ ನಡೆಯುತ್ತಿದೆ. ಬ್ಯಾಂಕಿನ ಸಂಬಳದಷ್ಟು ಇನ್ನೂ ಬರುವುದಿಲ್ಲ, ಬರುತ್ತದೆಂದೂ ನನಗನಿಸುವುದಿಲ್ಲ. ಬಿ.ಪಿ. ಮಾತ್ರೆ ನಿಂತಿಲ್ಲ, ಡಾಕ್ಟರು ಅರ್ಧ ಮಾಡಿದ್ದಾರೆ. ಗಿರಾಕಿಗಳು ಬಂದರೆ ಕಾಫಿ ನನ್ನ ಲೆಕ್ಕ, ಚೀಲಕ್ಕೆ ಮಣ್ಣು ತುಂಬುವ ಆಳುಗಳ ಊಟವೂ ನನ್ನ ಲೆಕ್ಕ. ಅಂದ ಹಾಗೆ, ನಿನಗೆ ಈ ಕೆಲಸ ಇಷ್ಟವೇ ಎಂದು ನನ್ನನ್ನು ಇದುವರೆಗೆ ಯಾರೂ ಕೇಳಿಲ್ಲ. ಕೇಳಿದ್ದರೆ, ಮಾವಿನ ಸಸಿಗಳ ನಡುವೆ ಬೆಳಿಗ್ಗೆ ನೀರು ಬಿಡುವ ಹೊತ್ತು ಮಾತ್ರ ಇಷ್ಟ ಎನ್ನುತ್ತಿದ್ದೆ.

ಮಗಳು ಡಿಗ್ರಿ ಮುಗಿಸಿ ಏನಾದಳು ಹೇಳಿ? ಬ್ಯಾಂಕ್ ಪರೀಕ್ಷೆ ಬರೆದು ಪಾಸಾದಳು! ಅಜ್ಜಿ ಬೀದಿಗೆಲ್ಲ ಸಕ್ಕರೆ ಹಂಚಿದರು. ಅಪ್ಪ ಒಂದು ದಿನ ಸುಮ್ಮನಿದ್ದು, "ನಿಂಗೆ ಇಷ್ಟ ತಾನೇ?" ಎಂದು ಕೇಳಿದರು. ಲೆಕ್ಕ ಎಂದರೆ ಅವಳಿಗೆ ಪ್ರಾಣ; ಇಷ್ಟವೇ ಎಂದಳು. 2010ರ ಏಪ್ರಿಲ್ ನಂತರ ಬ್ಯಾಂಕಿಗೆ ಸೇರಿದವರಿಗೆ ಅಪ್ಪನ ಕಾಲದ ಪಿಂಚಣಿಯಿಲ್ಲ, ಎನ್.ಪಿ.ಎಸ್. ಎಂಬ ಬೇರೆ ಯೋಜನೆ. ಅದರ ಕಾಗದಗಳನ್ನು ಊಟದ ಮೇಜಿನ ಮೇಲೆ ಹರಡಿಕೊಂಡು ಮೂವರೂ ಓದಿದೆವು. ಅವಳ ಟ್ರಂಕಿನಲ್ಲಿ ನಾನೊಂದು ಹೊಸ ಹಾಲಿನ ಲೆಕ್ಕದ ಪುಸ್ತಕ ಇಟ್ಟೆ. ಅವರು ಹೊಸ ಊರಿನ ಬಾಡಿಗೆ ಮನೆಯ ಮುಂದೆ ಇಡಲೆಂದು, ಕುಂಡದಲ್ಲಿ ಬೆಳೆಯುವ ಒಂದು ನಿಂಬೆ ಕಸಿ ಕೊಟ್ಟರು. ಬಸ್ಸಿನಲ್ಲಿ ಅದನ್ನು ತೊಡೆಯ ಮೇಲಿಟ್ಟುಕೊಂಡೇ ಹೋದಳು.