ನಗರದ ನೀರಿನ ಜಮಾ-ಖರ್ಚು

‘ನೀರು ಉಳಿಸಿ’ ಎಂಬ ಮಾತನ್ನು ನಾವು ಸಾಮಾನ್ಯವಾಗಿ ಬಳಕೆದಾರರಿಗೆ ಹೇಳುತ್ತೇವೆ. ತೊಟ್ಟಿಕ್ಕುವ ನಲ್ಲಿಯನ್ನು ಸರಿಪಡಿಸಿ, ಕುಡಿಯುವ ನೀರಿನಿಂದ ವಾಹನ ತೊಳೆಯಬೇಡಿ, ಮಳೆನೀರು ಸಂಗ್ರಹಿಸಿ ಎಂಬ ಸಲಹೆಗಳು ನಿಮಗೆ ಪರಿಚಿತವೇ. ಕೆಲವು ಸಲಹೆಗಳು ನಿಯಮಗಳೂ ಆಗಿವೆ. ಬೆಂಗಳೂರಿನಲ್ಲಿ ದೊಡ್ಡ ನಿವೇಶನಗಳ ಕಟ್ಟಡಗಳಿಗೆ ಮಳೆನೀರು ಸಂಗ್ರಹವನ್ನು 2009ರಲ್ಲಿ ಕಾನೂನಿನ ಮೂಲಕ ಕಡ್ಡಾಯ ಮಾಡಲಾಯಿತು. 2024ರ ಮಾರ್ಚ್ ತಿಂಗಳ ಬರಗಾಲದಲ್ಲಿ ಅಲ್ಲಿನ ಜಲಮಂಡಳಿಯು ಕುಡಿಯುವ ನೀರಿನಿಂದ ವಾಹನ ತೊಳೆದವರಿಗೆ 5000 ರೂಪಾಯಿ ದಂಡ ಗೊತ್ತುಪಡಿಸಿತು.

ಆದರೆ ನೀರು ನಿಮ್ಮ ಮನೆಯ ನಲ್ಲಿಯನ್ನು ತಲಪುವ ಮೊದಲೇ ಅದರಲ್ಲಿ ಎಷ್ಟು ಪಾಲು ಕಳೆದುಹೋಗಿರುತ್ತದೆ? ಅದನ್ನು ಉಳಿಸುವ ಹೊಣೆ ಯಾರದು? ಅದಕ್ಕೆ ಮಾನದಂಡಗಳೇನಾದರೂ ಇವೆಯೇ? ಈ ಪ್ರಶ್ನೆಗಳನ್ನು ಕೇಳುವವರು ಕಡಿಮೆ. ಉತ್ತರಗಳು ಮಾತ್ರ ಸ್ವಾರಸ್ಯಕರವಾಗಿವೆ.

ಒಂದು ಊರಿನ ಉದಾಹರಣೆ

60,000 ಜನಸಂಖ್ಯೆಯ ಒಂದು ಊರನ್ನು ಕಲ್ಪಿಸಿಕೊಳ್ಳಿ. ಅಲ್ಲಿನ ಶುದ್ಧೀಕರಣ ಘಟಕದಿಂದ ದಿನಕ್ಕೆ ಒಂದು ಕೋಟಿ ಲೀಟರ್ ನೀರು ಹೊರಬೀಳುತ್ತದೆ ಎಂದಿಟ್ಟುಕೊಳ್ಳೋಣ. ತಲೆಗೆ ಭಾಗಿಸಿದರೆ ಸುಮಾರು 167 ಲೀಟರ್. ಒಳಚರಂಡಿ ಇರುವ ನಗರಗಳಿಗೆ ನಮ್ಮ ದೇಶದಲ್ಲಿ ಒಪ್ಪಿರುವ ಪ್ರಮಾಣ ತಲಾ 135 ಲೀಟರ್. ಅಂದರೆ ಕಾಗದದ ಮೇಲೆ ಈ ಊರಿನಲ್ಲಿ ನೀರು ಬೇಕಾದಷ್ಟಿದೆ.

ಈಗ ಖರ್ಚಿನ ಕಡೆ ನೋಡಿ. ಬಿಲ್ಲು ಹಾಕಿದ ನೀರು 60 ಲಕ್ಷ ಲೀಟರ್. ಬೀದಿ ನಲ್ಲಿ, ಅಗ್ನಿಶಾಮಕ ದಳ ಮುಂತಾದವುಗಳಿಗೆ ಬಿಲ್ಲಿಲ್ಲದೆ ಕೊಟ್ಟದ್ದು 3 ಲಕ್ಷ. ಅನಧಿಕೃತ ಸಂಪರ್ಕಗಳಿಂದ ಮತ್ತು ಕಡಿಮೆ ತೋರಿಸುವ ಹಳೆಯ ಮೀಟರುಗಳಿಂದ ಲೆಕ್ಕ ತಪ್ಪಿದ್ದು 9 ಲಕ್ಷ. ಉಳಿದ 28 ಲಕ್ಷ ಲೀಟರ್ ಕೊಳವೆಗಳಿಂದ ಮಣ್ಣಿಗೆ ಸೋರಿದ್ದು. ಜನರಿಗೆ ನಿಜವಾಗಿ ತಲಪಿದ್ದು 72 ಲಕ್ಷ ಲೀಟರ್, ಅಂದರೆ ತಲಾ 120 ಲೀಟರ್. ಕಾಗದದ ಮೇಲೆ ಸಮೃದ್ಧಿಯಿದ್ದ ಊರಿನ ನಲ್ಲಿಗಳಲ್ಲಿ ಕೊರತೆ!

ಈ ಬಗೆಯ ಜಮಾ-ಖರ್ಚಿಗೆ ‘ಜಲ ಸಮತೋಲನ ಪಟ್ಟಿ’ ಎನ್ನಬಹುದು. ಇದರಲ್ಲಿ ಬಿಲ್ಲಿಗೆ ಬಾರದ 40 ಲಕ್ಷ ಲೀಟರನ್ನು ಒಟ್ಟಾಗಿ ‘ಆದಾಯ ತರದ ನೀರು’ ಎಂದು ಕರೆಯುತ್ತಾರೆ. ಇದೆಲ್ಲವೂ ಸೋರಿಕೆಯಲ್ಲ ಎಂಬುದನ್ನು ಗಮನಿಸಿ. ಮೀಟರಿನ ದೋಷದಿಂದ ಹೋದದ್ದು ಹಣ ಮಾತ್ರ. ನೀರು ಯಾರದೋ ಮನೆಗೆ ತಲಪಿದೆ. ಸೋರಿಕೆಯಲ್ಲಿ ಹಣ ಮತ್ತು ನೀರು ಎರಡೂ ಹೋಗುತ್ತವೆ. ಎರಡು ರೋಗಗಳಿಗೂ ಚಿಕಿತ್ಸೆ ಬೇರೆಯಾದ್ದರಿಂದ ಇವನ್ನು ಪ್ರತ್ಯೇಕಿಸುವುದು ಅಗತ್ಯ.

ಸರಬರಾಜುದಾರರಿಗೆ ಮಾನದಂಡಗಳು

ಕೇಂದ್ರ ನಗರಾಭಿವೃದ್ಧಿ ಸಚಿವಾಲಯವು 2008ರಲ್ಲಿ ನಗರಗಳ ನೀರು ಸರಬರಾಜಿಗೆ ಒಂಬತ್ತು ಮಾನದಂಡಗಳನ್ನು ಗೊತ್ತುಮಾಡಿತು. ಎಲ್ಲ ಮನೆಗಳಿಗೂ ಸಂಪರ್ಕ, ತಲಾ 135 ಲೀಟರ್ ನೀರು, ದಿನದ 24 ಗಂಟೆ ಸರಬರಾಜು, ಶೇ. 100ರಷ್ಟು ಗುಣಮಟ್ಟ, ಶೇ. 80ರಷ್ಟು ದೂರುಗಳ ಪರಿಹಾರ, ಪೂರ್ಣ ವೆಚ್ಚ ವಸೂಲಿ, ಶೇ. 90ರಷ್ಟು ಶುಲ್ಕ ಸಂಗ್ರಹ ಇವು ಏಳು. ನಮ್ಮ ವಿಷಯಕ್ಕೆ ನೇರವಾಗಿ ಸಂಬಂಧಿಸಿದವು ಉಳಿದೆರಡು: ಎಲ್ಲ ಸಂಪರ್ಕಗಳಿಗೂ ಮೀಟರು ಇರಬೇಕು, ಆದಾಯ ತರದ ನೀರು ಶೇ. 20ನ್ನು ಮೀರಬಾರದು. ನಮ್ಮ ಕಲ್ಪನೆಯ ಊರಿನಲ್ಲಿ ಇದು ಶೇ. 40.

ಇವು ದಂಡ ವಿಧಿಸುವ ಶಾಸನಗಳಲ್ಲ. ಹದಿಮೂರನೆಯ ಹಣಕಾಸು ಆಯೋಗವು (2010–15) ಇಂಥ ಸೇವಾ ಗುರಿಗಳನ್ನು ರಾಜ್ಯಗಳು ಪ್ರಕಟಿಸುವುದನ್ನು ಅನುದಾನದ ಒಂದು ಷರತ್ತನ್ನಾಗಿ ಮಾಡಿತು. 2021ರಲ್ಲಿ ಆರಂಭವಾದ ಎರಡನೆಯ ಅಮೃತ್ ಯೋಜನೆಯೂ ಶೇ. 20ರ ಮಿತಿಯನ್ನು ಸುಧಾರಣೆಯ ಗುರಿಯಾಗಿ ಇಟ್ಟುಕೊಂಡಿದೆ. ಆದರೆ ಇಲ್ಲೊಂದು ತೊಡಕಿದೆ. ಮೀಟರುಗಳೇ ಇಲ್ಲದ ಊರಿನಲ್ಲಿ ಶೇ. 20 ಅಥವಾ ಶೇ. 40 ಎಂಬ ಅಂಕಿ ಅಳತೆಯಲ್ಲ, ಕೇವಲ ಅಂದಾಜು. ಪಂಪು ನಡೆದ ಗಂಟೆಗಳಿಂದ ಜಮಾವನ್ನು, ಸಂಪರ್ಕಗಳ ಸಂಖ್ಯೆಯಿಂದ ಖರ್ಚನ್ನು ಊಹಿಸಿ ಬರೆದ ಲೆಕ್ಕ ಎಷ್ಟು ನಂಬಿಕೆಗೆ ಅರ್ಹ? ಆದ್ದರಿಂದ ಮೊದಲ ಹೆಜ್ಜೆ ಅಳತೆ. ನೀರಿನ ಮೂಲದಲ್ಲಿ, ಪ್ರತಿ ಮೇಲ್ಮಟ್ಟದ ಟ್ಯಾಂಕಿನ ಹೊರದಾರಿಯಲ್ಲಿ ಮತ್ತು ಪ್ರತಿ ಮನೆಯಲ್ಲಿ ಮೀಟರು ಇರಬೇಕು.

ಸಣ್ಣ ತೂತು, ದೊಡ್ಡ ನಷ್ಟ

ಸೋರಿಕೆಯ ಪ್ರಮಾಣವನ್ನು ನೀವೇ ಲೆಕ್ಕ ಹಾಕಬಹುದು. ತೂತಿನಿಂದ ನೀರು ಚಿಮ್ಮುವ ವೇಗವು ಒತ್ತಡದ ವರ್ಗಮೂಲಕ್ಕೆ ಅನುಪಾತದಲ್ಲಿರುತ್ತದೆ. ಕೊಳವೆಯಲ್ಲಿ 6 ಮಿಲಿಮೀಟರ್ ವ್ಯಾಸದ ಒಂದು ತೂತು ಇದೆ. ಒಳಗಿನ ಒತ್ತಡ 20 ಮೀಟರ್ ನೀರಿನ ಎತ್ತರದಷ್ಟಿದೆ. ಆಗ ವೇಗ ಸೆಕೆಂಡಿಗೆ ಸುಮಾರು 20 ಮೀಟರ್. ತೂತಿನ ಅಂಚಿನಲ್ಲಿ ಧಾರೆ ಕಿರಿದಾಗುವುದನ್ನು ಲೆಕ್ಕಕ್ಕೆ ತೆಗೆದುಕೊಂಡರೂ ಸೆಕೆಂಡಿಗೆ ಮೂರನೇ ಒಂದು ಲೀಟರ್ ಹೊರಬೀಳುತ್ತದೆ. ಒತ್ತಡ ದಿನವಿಡೀ ಇದ್ದರೆ ಸುಮಾರು 29,000 ಲೀಟರ್. ಇದು 215 ಜನರ ಒಂದು ದಿನದ ಪಾಲು!

ಈಗ ಒತ್ತಡವನ್ನು 10 ಮೀಟರಿಗೆ ಇಳಿಸಿ. ತೂತು ಹಾಗೆಯೇ ಇದ್ದರೂ ನಷ್ಟ 20,500 ಲೀಟರಿಗೆ ಇಳಿಯುತ್ತದೆ. ಪ್ಲಾಸ್ಟಿಕ್ ಕೊಳವೆಯ ಉದ್ದುದ್ದದ ಬಿರುಕಾದರೆ ಉಳಿತಾಯ ಇನ್ನೂ ಹೆಚ್ಚು. ಏಕೆಂದರೆ ಒತ್ತಡ ಕಡಿಮೆಯಾದಾಗ ಬಿರುಕಿನ ಬಾಯಿಯೂ ಕಿರಿದಾಗುತ್ತದೆ. ತಗ್ಗಿನ ಬಡಾವಣೆಗಳಿಗೆ ಒತ್ತಡ ತಗ್ಗಿಸುವ ವಾಲ್ವುಗಳನ್ನು ಜೋಡಿಸುವುದು ಈ ಕಾರಣಕ್ಕಾಗಿಯೇ. ಒಂದು ಅಡಿಯೂ ರಸ್ತೆ ಅಗೆಯದೆ ಸೋರಿಕೆ ತಗ್ಗಿಸುವ ಉಪಾಯವಿದು.

ಮತ್ತೊಂದು ಸಂಗತಿ ಕಾಲಾವಧಿ. ರಸ್ತೆಯಲ್ಲಿ ದೊಡ್ಡ ಕೊಳವೆ ಒಡೆದು ಸೆಕೆಂಡಿಗೆ 5 ಲೀಟರ್ ಹರಿದರೆ ಎಲ್ಲರ ಕಣ್ಣಿಗೂ ಬೀಳುತ್ತದೆ. ಒಂದು ದಿನದಲ್ಲಿ ದುರಸ್ತಿಯಾಗುತ್ತದೆ. ನಷ್ಟ 4 ಲಕ್ಷದ 32 ಸಾವಿರ ಲೀಟರ್. ನಮ್ಮ 6 ಮಿ.ಮೀ. ತೂತು ಕಾಣದೆ ಒಂದು ವರ್ಷ ಉಳಿದರೆ ನಷ್ಟ ಒಂದು ಕೋಟಿ ಲೀಟರಿಗೂ ಹೆಚ್ಚು.

ರಾತ್ರಿಯ ಹರಿವು ಹೇಳುವ ಕಥೆ

ಕಾಣದ ಸೋರಿಕೆಯನ್ನು ಪತ್ತೆಮಾಡುವುದು ಹೇಗೆ? ಊರನ್ನು ಕೆಲವು ನೂರರಿಂದ ಎರಡು-ಮೂರು ಸಾವಿರ ಸಂಪರ್ಕಗಳಿರುವ ವಲಯಗಳಾಗಿ ವಿಂಗಡಿಸಿ, ಪ್ರತಿ ವಲಯಕ್ಕೂ ನೀರು ಮೀಟರಿನ ಮೂಲಕವೇ ಒಳಹೋಗುವಂತೆ ಮಾಡುತ್ತಾರೆ. ರಾತ್ರಿ 2ರಿಂದ 4 ಗಂಟೆಯವರೆಗೆ ಜನ ಮಲಗಿರುತ್ತಾರೆ. ಬಳಕೆ ತೀರ ಕಡಿಮೆ. ಆಗಲೂ ಮೀಟರು ವೇಗವಾಗಿ ತಿರುಗುತ್ತಿದ್ದರೆ ಆ ನೀರಿನ ಬಹುಪಾಲು ಸೋರಿಕೆಯೇ ಸರಿ. ಒಂದೊಂದೇ ಬೀದಿಯ ವಾಲ್ವ್ ಮುಚ್ಚುತ್ತಾ ಹೋದರೆ ಯಾವ ಬೀದಿಯಲ್ಲಿ ಹರಿವು ಥಟ್ಟನೆ ಇಳಿಯಿತೋ ಅಲ್ಲಿ ಸೋರಿಕೆಯಿದೆ. ಬಳಿಕ ನೆಲದಡಿಯ ಸದ್ದನ್ನು ಆಲಿಸುವ ಉಪಕರಣಗಳಿಂದ ನಿಖರ ಸ್ಥಳವನ್ನು ಗುರುತಿಸುತ್ತಾರೆ.

ಈ ವಿಧಾನಕ್ಕೆ ಒಂದು ಷರತ್ತಿದೆ. ಕೊಳವೆಗಳಲ್ಲಿ ರಾತ್ರಿಯೂ ನೀರಿರಬೇಕು. ಎರಡು ದಿನಕ್ಕೊಮ್ಮೆ ಕೆಲವು ಗಂಟೆ ನೀರು ಬಿಡುವ ಊರಿನಲ್ಲಿ ಇದು ಸಾಧ್ಯವಿಲ್ಲ. ನೀರು ಬಂದಾಗ ಎಲ್ಲ ಸಂಪುಗಳೂ ಒಟ್ಟಿಗೆ ತುಂಬಿಕೊಳ್ಳುವುದರಿಂದ ಬಳಕೆ ಯಾವುದು, ಸೋರಿಕೆ ಯಾವುದು ಎಂದು ತಿಳಿಯುವುದೇ ಇಲ್ಲ. ‘ನೀರು ಸಾಕಷ್ಟಿಲ್ಲ, ಆದ್ದರಿಂದ ದಿನವಿಡೀ ಕೊಡಲಾಗದು’ ಎಂಬ ವಾದ ಸಹಜವಾಗಿ ತೋರಿದರೂ, ದಿನವಿಡೀ ಕೊಡದಿರುವುದರಿಂದಲೇ ನಷ್ಟ ಮರೆಯಾಗಿ ಉಳಿಯುತ್ತದೆ.

ಹುಬ್ಬಳ್ಳಿ-ಧಾರವಾಡದ ಪಾಠ

ವಿಶ್ವಬ್ಯಾಂಕ್ ನೆರವಿನ ಯೋಜನೆಯೊಂದರಲ್ಲಿ ಹುಬ್ಬಳ್ಳಿ-ಧಾರವಾಡ, ಬೆಳಗಾವಿ ಮತ್ತು ಕಲಬುರಗಿಯ ಆಯ್ದ ವಾರ್ಡುಗಳಲ್ಲಿ ಹಳೆಯ ಕೊಳವೆಜಾಲವನ್ನು ಬದಲಿಸಿ, ಪ್ರತಿ ಮನೆಗೂ ಮೀಟರು ಜೋಡಿಸಿ, 2008ರಿಂದ ದಿನವಿಡೀ ನೀರು ಕೊಡಲಾಯಿತು. ನಷ್ಟ ತೀವ್ರವಾಗಿ ಇಳಿಯಿತು. ಇದರಿಂದ ಆರೋಗ್ಯದ ಲಾಭವೂ ಇದೆ. ಖಾಲಿಯಾದ ಕೊಳವೆಯಲ್ಲಿ ಒತ್ತಡವಿರುವುದಿಲ್ಲ. ಆಗ ನೀರು ಹೊರಹೋಗುತ್ತಿದ್ದ ಅದೇ ತೂತಿನಿಂದ ಸುತ್ತಲಿನ ಕೊಳಚೆ ಒಳನುಗ್ಗಬಲ್ಲದು. ಹುಬ್ಬಳ್ಳಿ-ಧಾರವಾಡದ ನಲ್ಲಿಗಳ ನೀರನ್ನು ಪರೀಕ್ಷಿಸಿದ ಅಧ್ಯಯನವೊಂದು 2013ರಲ್ಲಿ ಪ್ರಕಟವಾಯಿತು. ಬಿಟ್ಟು ಬಿಟ್ಟು ನೀರು ಬರುವ ಕಡೆ ಶೇ. 31.7ರಷ್ಟು ಮಾದರಿಗಳಲ್ಲಿ ಇ. ಕೋಲಿ ಬ್ಯಾಕ್ಟೀರಿಯ ಕಂಡುಬಂದರೆ, ದಿನವಿಡೀ ಬರುವ ಕಡೆ ಕೇವಲ ಶೇ. 0.7ರಷ್ಟು ಮಾದರಿಗಳಲ್ಲಿತ್ತು.

ನೀರಿನೊಡನೆ ವಿದ್ಯುತ್ತೂ

ಬೆಂಗಳೂರಿಗೆ ಕಾವೇರಿ ನೀರು ಸುಮಾರು 100 ಕಿಲೋಮೀಟರ್ ದೂರದಿಂದ, ತೊರೆಕಾಡನಹಳ್ಳಿ, ಹಾರೋಹಳ್ಳಿ ಮತ್ತು ತಾತಗುಣಿಗಳಲ್ಲಿ ಮೂರು ಹಂತಗಳಲ್ಲಿ ಸುಮಾರು 500 ಮೀಟರ್ ಮೇಲೇರಿ ಬರುತ್ತದೆ. ಸಾವಿರ ಲೀಟರ್ ನೀರನ್ನು ಅಷ್ಟು ಎತ್ತರಕ್ಕೆ ಏರಿಸಲು, ಪಂಪುಗಳ ದಕ್ಷತೆ ಶೇ. 75 ಎಂದು ಹಿಡಿದರೆ, ಸುಮಾರು 1.8 ಯೂನಿಟ್ ವಿದ್ಯುತ್ ಬೇಕು. ನಮ್ಮ ಒಂದು ಸಣ್ಣ ತೂತು ಅಲ್ಲಿದ್ದರೆ ದಿನಕ್ಕೆ ಸುಮಾರು 52 ಯೂನಿಟ್ ವಿದ್ಯುತ್ ಮಣ್ಣುಪಾಲು.

2024ರ ಅಕ್ಟೋಬರಿನಲ್ಲಿ ಉದ್ಘಾಟನೆಯಾದ ಕಾವೇರಿ ಐದನೆಯ ಹಂತದಿಂದ ಬೆಂಗಳೂರಿಗೆ ದಿನಕ್ಕೆ 77.5 ಕೋಟಿ ಲೀಟರ್ ಹೆಚ್ಚುವರಿ ನೀರು ದೊರೆಯುವಂತಾಯಿತು. ಅದಕ್ಕೆ ಮುನ್ನ ಬರುತ್ತಿದ್ದುದು ಸುಮಾರು 145 ಕೋಟಿ ಲೀಟರ್. ಅದರಲ್ಲಿ ಆದಾಯ ತರದ ನೀರು ಶೇ. 28ರ ಆಸುಪಾಸು ಎಂಬುದು ಆ ವರ್ಷ ಜಲಮಂಡಳಿ ನೀಡಿದ ಅಂಕಿ. ಅಂದರೆ ದಿನಕ್ಕೆ ಸುಮಾರು 40 ಕೋಟಿ ಲೀಟರ್. ಐದನೆಯ ಹಂತದಿಂದ ದೊರೆತ ನೀರಿನ ಅರ್ಧಕ್ಕೂ ಹೆಚ್ಚು. ಸೋರಿಕೆ ಯಾವ ಜಾಲದಲ್ಲೂ ಸೊನ್ನೆಯಾಗದು. ಕೊನೆಯ ಕೆಲವು ಹನಿಗಳನ್ನು ಹಿಡಿಯಲು ಆಗುವ ವೆಚ್ಚ ಆ ನೀರಿನ ಬೆಲೆಯನ್ನೇ ಮೀರುತ್ತದೆ. ಶೇ. 20 ಎಂಬ ಮಿತಿ ಇರುವುದು ಆದ್ದರಿಂದಲೇ. ಆದರೂ ಹೊಸ ನದಿ, ಹೊಸ ಅಣೆಕಟ್ಟನ್ನು ಹುಡುಕುವ ಮುನ್ನ ಹಳೆಯ ಕೊಳವೆಗಳ ಲೆಕ್ಕ ನೋಡುವುದು ಜಾಣತನ.

ನೀವೇನು ಮಾಡಬಹುದು?

ನಿಮ್ಮ ಮನೆಯ ನಲ್ಲಿಗಳೆಲ್ಲವನ್ನೂ ಮುಚ್ಚಿ ಮೀಟರು ನೋಡಿ. ಮುಳ್ಳು ಚಲಿಸುತ್ತಿದ್ದರೆ ಸೋರಿಕೆ ನಿಮ್ಮ ಕಡೆಯದು. ಅದನ್ನು ಸರಿಪಡಿಸಿದ ಮೇಲೆ ನಿಮ್ಮ ನಗರಸಭೆ ಅಥವಾ ಪುರಸಭೆಗೆ ನಾಲ್ಕು ಪ್ರಶ್ನೆಗಳನ್ನು ಕೇಳಿ. ದಿನಕ್ಕೆ ಎಷ್ಟು ನೀರು ಜಾಲಕ್ಕೆ ಸೇರುತ್ತದೆ? ಅದರಲ್ಲಿ ಎಷ್ಟಕ್ಕೆ ಬಿಲ್ಲು ಹಾಕಲಾಗಿದೆ? ಈ ಎರಡು ಅಂಕಿಗಳು ಮೀಟರಿನಿಂದ ಬಂದವೇ, ಅಂದಾಜೇ? ಸೋರಿಕೆಯ ದೂರು ಬಂದ ಎಷ್ಟು ದಿನಗಳಲ್ಲಿ ದುರಸ್ತಿಯಾಗುತ್ತದೆ? ಶಾಲಾ ವಿಜ್ಞಾನ ಸಂಘಗಳು ತಮ್ಮ ಊರಿನ ಜಲ ಸಮತೋಲನ ಪಟ್ಟಿಯನ್ನು ತಯಾರಿಸಲು ಈ ಉತ್ತರಗಳಿಂದಲೇ ತೊಡಗಬಹುದು.